ತಲೆಗೆ ಎಂಬತ್ತು ಪದ

ಅಕ್ಟೋಬರ್ ಬಂತೆಂದರೆ ನನಗಿದೇ ಕೆಲಸ,
ಕೋಚುಗಳ ಬದುಕನ್ನು ಕತ್ತರಿಸಿ ಪುಟಕ್ಕೆ ಕೂರಿಸುವುದು.
ತಲೆಗೆ ಎಂಬತ್ತು ಪದ, ಒಂದು ಫೋಟೊ.
ಟೈ ಕಡ್ಡಾಯವಲ್ಲ, ನಗು ಕಡ್ಡಾಯ.
ಪಂದ್ಯದ ಸಂಜೆ ಬಾಗಿಲಲ್ಲಿ ಎರಡು ಡಾಲರಿಗೆ ಮಾರುವ ಪುಸ್ತಿಕೆ.
ಮಕ್ಕಳು ಅದನ್ನು ಸುರುಳಿ ಸುತ್ತಿ ತುತ್ತೂರಿ ಊದುತ್ತಾರೆ.

ಮೊದಲ ಪುಟ ಥೋರಾ ಎಂಗೆಬ್ರೆಟ್‌ಸನ್, ಮುಖ್ಯ ಕೋಚ್.
ಏಳು ಕೆರೆಯ ನೀರು ಕುಡಿದವಳು.
ಮೊಂಟಾನಾದ ಈ ಒಣ ಮಗ್ಗುಲಲ್ಲಿ ಹಾಗೆಂದರೆ
ಏಳು ಕಾಲೇಜಿನ ನಲ್ಲಿಯ ನೀರು, ಕ್ಲೋರಿನ್ ವಾಸನೆಯ ಸಮೇತ.
ಹುಟ್ಟಿದ್ದು ಸಕ್ಕರೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ,
ಅಪ್ಪ ಬೀಟ್‌ರೂಟ್ ಲಾರಿ ತೂಗುವ ಗುಮಾಸ್ತ.
ಲಾರಿ ಬಾರದ ಹೊತ್ತು ಆ ತೂಕದ ಹಲಗೆಯ ಮೇಲೇ
ಚೆಂಡು ಪುಟಿಸಿ ಕಲಿತಳಂತೆ.
ಒಳಗೆ ಅಪ್ಪನ ಮೇಜಿನೆದುರು
ಪ್ರತಿ ಪೆಟ್ಟಿಗೂ ಮುಳ್ಳು ಒಂದು ಕೂದಲೆಳೆ ನಡುಗುತ್ತಿತ್ತಂತೆ.
ಇದು ನನಗೆ ಹೇಳಿದ್ದು ಬಸ್ಸಿನಲ್ಲಿ, ರಾತ್ರಿ ಎರಡಕ್ಕೆ.
ಪುಟದಲ್ಲಿ ಜಾಗವಿಲ್ಲ.

ಎಲ್ರಾಯ್ ಬೊಸ್ವೆಲ್, ಸಹಾಯಕ ಕೋಚ್, ಗೇರಿ ಊರಿನವ.
ಫಿನ್‌ಲೆಂಡಿನಲ್ಲಿ ಎರಡು ಚಳಿಗಾಲ, ತುರ್ಕಿಯಲ್ಲಿ ಅರ್ಧ.
ಆ ಕ್ಲಬ್ಬು ದಿವಾಳಿಯೆದ್ದು ಕೊನೆಯ ತಿಂಗಳ ಸಂಬಳಕ್ಕೆ
ಎರಡು ಮೂಟೆ ಹೇಝಲ್ ಬೀಜ ಕೊಟ್ಟು ಕೈತೊಳೆದುಕೊಂಡಿತು.
ಒಂದು ಮಂಡಿ ಅಲ್ಲಿ ಬಿಟ್ಟು ಬಂದ, ಒಂದು ಮೂಟೆ ತಂದ.
ನಾನು ಬರೆದೆ: ಯುರೋಪಿನಲ್ಲಿ ವೃತ್ತಿಪರ ಅನುಭವ.
ಓದಿದವನು ನಕ್ಕ ನಗೆಗೆ
ಜಿಮ್ಮಿನ ಪಾರಿವಾಳಗಳೆಲ್ಲ ತೊಲೆ ಬಿಟ್ಟು ಎದ್ದವು.

ಮೂರನೆಯವಳು ಡಾರ್ಲಾ ಟೂ ಎಲ್ಕ್. ತೊಂಬತ್ತು ಮೈಲಿಯಾಚೆ,
ಕ್ರೋ ಜನರ ನೆಲದಿಂದ ಬಂದವಳು.
ಅವಳ ಶಾಲೆ ಫೈನಲ್ ಮುಟ್ಟಿದ ವರ್ಷ
ಬಸ್ಸಿನ ಹಿಂದೆ ಕಾರುಗಳ ಸಾಲು, ದೀಪ ಹೊತ್ತಿಸಿಕೊಂಡು;
ಊರಲ್ಲಿ ಉಳಿದದ್ದು ನಾಯಿಗಳು ಮತ್ತು ಒಬ್ಬ ಪೊಲೀಸ್.
‘ಹಿನ್ನೆಲೆ ಬರೆದುಕೊಡಿ’ ಎಂದೆ.
ಎಣಿಸಿ ಎಂಬತ್ತೇ ಪದ ಕಳಿಸಿದಳು:
ಎಲ್ಲವೂ ಅಜ್ಜಿಯರ, ಅತ್ತೆಯರ, ಚಿಕ್ಕಮ್ಮಂದಿರ ಹೆಸರು,
ಯಾರು ಸ್ಕೋರು ಬರೆದರು, ಯಾರು ಬೂಟು ಕೊಡಿಸಿದರು.
ಪದವಿ ಎಲ್ಲಿ, ಹಿಂದಿನ ನೌಕರಿ ಎಲ್ಲಿ ಎಂದರೆ
‘ಹಿನ್ನೆಲೆ ತಾನೇ ಕೇಳಿದ್ದು?’ ಅಂದಳು.
ಹಾಗೇ ಅಚ್ಚಿಗೆ ಕೊಟ್ಟೆ. ಡೀನ್ ಇನ್ನೂ ನೋಡಿಲ್ಲ.

ಕೊನೆಗೆ ಕೋಲ್ಬಿ, ಇಪ್ಪತ್ತಮೂರು ವರ್ಷ.
ವೀಡಿಯೊ ಕತ್ತರಿಸುತ್ತಾನೆ, ಜೆರ್ಸಿ ಒಗೆಯುತ್ತಾನೆ.
ಎಷ್ಟು ಎಳೆದರೂ ಮೂವತ್ತೊಂದೇ ಪದ.
ಬಟ್ಟೆ ಒಗೆತವನ್ನು ಸಲಕರಣೆ ನಿರ್ವಹಣೆ ಎಂದು ಹಿಗ್ಗಿಸಿದೆ,
ಅವನ ಅಮ್ಮ ಆರು ಪ್ರತಿ ಬೇಕೆಂದಿದ್ದಾಳೆ.

ಕರಡು ಹೋದ ಮರುದಿನ ಥೋರಾ ಬಂದಳು,
ಹಿಮಕ್ಕೆ ಒದ್ದೆಯಾದ ಬೂಟಿನಲ್ಲೇ, ಕಿವಿಯಲ್ಲಿ ಪೆನ್ಸಿಲು.
ಮೂರನೆಯ ಕಾಲೇಜು, ಎರಡನೆಯ ವರ್ಷ:
ಗೆಲುವು ಸೊನ್ನೆ, ಸೋಲು ಇಪ್ಪತ್ತಾರು.
ಆ ಸಾಲನ್ನು ನಾನು ದಾಕ್ಷಿಣ್ಯಕ್ಕೆ ನುಂಗಿದ್ದೆ.
‘ಎಲ್ಲಿ ಹೋಯಿತು?’ ಎಂದಳು.
ತುಟಿ ಪಿಟಕ್ಕೆನ್ನಲಿಲ್ಲ ನಾನು.
‘ಐದು ಹುಡುಗಿಯರು ಇಪ್ಪತ್ತಾರಕ್ಕೂ ಬಂದಿದ್ದರು.
ಒಬ್ಬಳು ಹೆಬ್ಬೆರಳು ಮುರಿದುಕೊಂಡು.’
ಸಾಲು ಮರಳಿ ಬರೆದಳು, ಹೆಸರುಗಳನ್ನೂ ಬರೆದಳು.
ಪದ ಎಣಿಸಿದೆವು, ತೊಂಬತ್ತೊಂದು.
ಪೆನ್ಸಿಲು ಮೇಲಿನಿಂದ ಇಳಿಯಿತು, ‘ವರ್ಷದ ಕೋಚ್’ ಬಳಿ ನಿಂತಿತು,
ಒಂದು ಗೀಟು. ಇನ್ನೂ ಐದು ಹೆಚ್ಚಿದೆ ಎಂದೆ.
‘ಅಕ್ಷರ ಸಣ್ಣದು ಮಾಡು’ ಎಂದು ಹೊರಟಳು,
ಬಾಗಿಲ ತನಕ ಎರಡು ಸಾಲು ನೀರು.

ನನ್ನ ಹೆಸರು ಕೊನೆಯ ಪುಟದ ಬುಡದಲ್ಲಿರುತ್ತದೆ,
ಪ್ರತಿ ವರ್ಷ ಒಂದು ಅಕ್ಷರ ತಪ್ಪಿ.

ಮೊದಲ ಪಂದ್ಯ. ಅರ್ಧ ಖಾಲಿ ಗ್ಯಾಲರಿ.
ಮೂರನೆಯ ಸಾಲಿನಲ್ಲೊಂದು ಕೂಸು
ಥೋರಾಳನ್ನು ಸುರುಳಿ ಸುತ್ತಿ ಬಾಯಿಗಿಟ್ಟುಕೊಂಡಿದೆ:
ಹೊರಮೈಗೆ ಕಾಣುವುದು ಅವಳ ಒಂದು ಕಣ್ಣು,
ಅರ್ಧ ನಗು, ಇಪ್ಪತ್ತಾರು.
ಊದುತ್ತಿದೆ,
ಕೆನ್ನೆ ಉಬ್ಬಿಸಿ, ಜೋರಾಗಿ,
ಇನ್ನೂ ಚೆಂಡು ಮೇಲೆಸೆದಿಲ್ಲ.