ಕಣ್ಣು ಕಟ್ಟಿದ ಜಾಗ

ಸೇಲಂನಲ್ಲಿ ನರ್ಸಿಂಗ್ ಓದುವ ನಾದಿನಿ ಮಗಳು ಭಾರ್ಗವಿ
ಪೊಂಗಲ್ ರಜೆಗೆ ಬಂದವಳು, ಅವರೆಕಾಳು ಹಿಸುಕುತ್ತಾ ಕೇಳಿದಳು:
"ಅತ್ತೆ, ಕೋಪ ಮಾಡ್ಕೋಬೇಡ. ಅದು
ಹುಟ್ಟಿನಿಂದಲೇ ಬಂದದ್ದಾ, ಇಲ್ಲ ನಡುವೆ ಬಂದದ್ದಾ?"

ಅದು, ಅಂದಳು. ಹೆಸರು ಹೇಳಲಿಲ್ಲ.
ಹೆಸರು ಇತ್ತು. ಹೋದ ಭಾನುವಾರ ನಮ್ಮ ಜಗಲಿಯ ಮೇಲೆ ಕೂತು
ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋಗಿತ್ತು:
ಸೆಲ್ವರಾಣಿ.

ನಮ್ಮೂರ ಹೆಸರು ತಳಿ.
ಇಷ್ಟು ವರ್ಷ ಇಲ್ಲಿ ಬದುಕಿದೆ,
ನನ್ನ ತಳಿ ಯಾವುದೆಂದು ಕೇಳಿದವಳು ಇವಳೇ ಮೊದಲು.

ಹುಡುಕಿದೆ. ರಾತ್ರಿಯೆಲ್ಲ ಹುಡುಕಿದೆ,
ಬಿದ್ದುಹೋದ ಮೂಗುಬೊಟ್ಟಿಗೆ ಕಸ ಜಾಲಿಸುವ ಹಾಗೆ.
ಆರನೇ ಕ್ಲಾಸಿನಲ್ಲಿ ಒಬ್ಬಳಿದ್ದಳು, ವನಜಾಕ್ಷಿ,
ಡೆಂಕಣಿಕೋಟೆ ಬಸ್ಸಲ್ಲಿ ಬರುತ್ತಿದ್ದಳು.
ಅವಳು ಬರದ ದಿನ ನನಗೆ ಹೊಟ್ಟೆನೋವು.
ಅಮ್ಮ ಓಮದ ಕಷಾಯ ಕೊಟ್ಟಳು, ವಾಸಿಯಾಯಿತು.
ಅದೇನಾ ಮೊದಲು?
ಇಲ್ಲ, ಅದು ಬರೀ ಹೊಟ್ಟೆನೋವಾ?
ಹೊಟ್ಟೆನೋವಿಗೂ ಮುಂದೊಂದು ದಿನ ಸಾಕ್ಷಿ ಹೇಳಬೇಕಾಗುತ್ತದೆಂದು
ಆಗ ಯಾರಿಗೆ ಗೊತ್ತಿತ್ತು.

ಹತ್ತೊಂಬತ್ತಕ್ಕೆ ಮದುವೆ. ನಿನ್ನ ಮಾವ ಒಳ್ಳೆಯವನು ಭಾರ್ಗವಿ,
ಹೊಸೂರಿಗೆ ಲೋಡು ಒಯ್ದ ದಿನ ಮರೆಯದೆ ಬೋಂಡಾ ತರುತ್ತಿದ್ದ,
ಎಣ್ಣೆ ಹತ್ತಿದ ಕಾಗದ ಬಿಡಿಸಿ, ನಾನು ತಿನ್ನುವುದನ್ನೇ ನೋಡುತ್ತಿದ್ದ.
ಅವನನ್ನು ದ್ವೇಷಿಸಿದ್ದರೆ ಈ ಕಥೆ ಸಲೀಸಾಗುತ್ತಿತ್ತು.
ದ್ವೇಷಿಸಲಿಲ್ಲ. ಬೋಂಡಾ ಬಿಸಿಯಾಗಿತ್ತು.
ಧಾರೆಯ ದಿನ ಚಪ್ಪರದಲ್ಲಿ ಇನ್ನೂರು ಜನ.
ಒಬ್ಬರಾದರೂ ಕೇಳಿದರಾ, ಗಂಡಸಿನ ಮೇಲಿನ ಆಸೆ
ಹುಟ್ಟಿನಿಂದ ಬಂದದ್ದಾ ನಿನಗೆ, ನಡುವೆ ಬಂದದ್ದಾ ಅಂತ?
ಅಕ್ಷತೆ ಎಸೆದರು. ಎಲೆ ಹಾಕಿದ್ದಾರೆಂದು ಊಟಕ್ಕೆ ಓಡಿದರು.

ಅವನು ಹೋದ ಮೇಲೆ ಗುಲಾಬಿ ಶೆಡ್ಡಿಗೆ ಸೇರಿದೆ.
ಪ್ಲಾಸ್ಟಿಕ್ ಸೂರು, ಹಗಲೆಲ್ಲ ಹಬೆ.
ಕಾಡುಗುಲಾಬಿಯ ಕಾಂಡ ಸೀಳಿ, ತಾಜ್‌ಮಹಲಿನ ಕಣ್ಣು ಕೂರಿಸಿ
ಪಟ್ಟಿ ಸುತ್ತುವ ಕೆಲಸ. ಕಣ್ಣು ಕಟ್ಟೋದು ಅಂತೀವಿ.
ಹೂವು ಕೆಂಪಗೆ ಬಂದರೆ ಸೂಪರ್‌ವೈಸರ್ ಕಣ್ಣನ್ನು ಹೊಗಳುತ್ತಾನೆ,
ಬಾಡಿದರೆ ಬೇರನ್ನು ಬೈಯುತ್ತಾನೆ.
ಒಮ್ಮೊಮ್ಮೆ ಕಟ್ಟಿದ ಜಾಗದ ಕೆಳಗಿಂದ
ಕಳ್ಳಚಿಗುರು ಏಳುತ್ತದೆ.
ಕಂಡಲ್ಲೇ ಚಿವುಟಬೇಕು. ಮೊದಲ ದಿನದ ಪಾಠ ಅದೇ.
ಕಲಿಸಿದವಳು ಸೆಲ್ವರಾಣಿ.

ಒಂದು ಸಂಜೆ ಹಾಗೆ ಬಗ್ಗಿದಾಗ ಹೆಬ್ಬೆರಳಿಗೆ ಮುಳ್ಳು ಹೊಕ್ಕಿತು.
ಬಳೆಗೆ ಸಿಕ್ಕಿಸಿದ ಪಿನ್ನು ಬಿಚ್ಚಿ ತೆಗೆದಳು.
"ವಲಿಕ್ಕುದಾ?" ಅಂದಳು. ನೋವಾಗ್ತಿದೆಯಾ ಅಂತ.
ತಮಿಳು ಬಾರದವಳ ಹಾಗೆ ಸುಮ್ಮನಿದ್ದೆ,
ಇನ್ನೊಂದು ಸಲ ಕೇಳಲಿ ಅಂತ.
ನನಗಾಗ ಮೂವತ್ತೆಂಟು.

ತಮಿಳೂ ನನಗೆ ಹುಟ್ಟಿನಿಂದ ಬಂದದ್ದಲ್ಲ,
ಇಸ್ಕೂಲಿನಲ್ಲಿ ಬಡಿದು ಕಲಿಸಿದ್ದು.
ಈಗ ನಿದ್ದೆಯಲ್ಲಿ ಅವಳ ಜೊತೆ ಜಗಳವಾಡುವುದು ಅದರಲ್ಲೇ.

ಭಾರ್ಗವಿ ಪುಸ್ತಕದ ಮಾತು ಹೇಳಿದಳು, ಜೀನು, ಹಾರ್ಮೋನು, ಗರ್ಭ,
ಯಾರಿಗೂ ಇನ್ನೂ ಪೂರ್ತಿ ಗೊತ್ತಾಗಿಲ್ಲವಂತೆ.
ಗೊತ್ತಾದರೆ ತಿಳಿಸು ಅಂದೆ.
ಹುಟ್ಟಿನಿಂದ ಅಂದರೆ, ಪಾಪ, ಅನ್ನುತ್ತಾರೆ.
ನಡುವೆ ಬಂತು ಅಂದರೆ, ಹಾಗಾದರೆ ಹೋಗಲೂಬಹುದು, ಅನ್ನುತ್ತಾರೆ.
ಕೇಳುವವರ ಮುಖ ನೋಡಬಾರದು, ಕೈ ನೋಡಬೇಕು,
ಕತ್ತರಿ ಇದೆಯಾ ಅಂತ.
ಇವಳ ಕೈಯಲ್ಲಿ ಅವರೆಸಿಪ್ಪೆ ಮಾತ್ರ ಇತ್ತು.
ಅದಕ್ಕೇ ಇಷ್ಟು ಹೇಳಿದೆ.

ಗುಲಾಬಿಯ ಲೆಕ್ಕ ನನಗೆ ಪೂರ್ತಿ ಹೊಂದುವುದಿಲ್ಲ, ಬಿಡು.
ಸಾಲಿನಲ್ಲಿ ಪಕ್ಕದ ಗಿಡ ಯಾರೆಂದು ಗಿಡಕ್ಕೆ ತಿಳಿಯದು.
ನನಗೆ ತಿಳಿದಿದೆ: ಮಳೆ ಹಿಡಿದರೆ ಅವಳ ಎಡಮಂಡಿ ಊದುತ್ತದೆ,
ಸಾರಿಗೆ ಹುಣಸೆ ಹೆಚ್ಚಾದರೆ ಒಂದು ಹೊತ್ತು ಮಾತು ಬಿಡುತ್ತಾಳೆ.

ಫೆಬ್ರವರಿ ಬಂತು. ಪ್ರೇಮಿಗಳ ದಿನದ ಆರ್ಡರು, ರಾತ್ರಿ ಪಾಳಿ ಬೇರೆ.
ಕಟ್ಟಿಗೆ ಇಪ್ಪತ್ತು ಹೂವು, ಯಾರೋ ಯಾರಿಗೋ ಕೊಡಲಿಕ್ಕೆ.
ಕಂಪನಿಯ ವ್ಯಾನು ಮೂಲೆಯಲ್ಲಿ ಹಾರ್ನು ಹೊಡೆಯುತ್ತಿದೆ.
ಹಿಂದಿನಿಂದ ಎರಡನೇ ಸೀಟಿನ ಮೇಲೆ
ಅವಳು ಟವೆಲ್ಲು ಹಾಸಿ ಜಾಗ ಹಿಡಿದಿರುತ್ತಾಳೆ.