ಬಾಬಾಜಾನ್ ಪಂಕ್ಚರ್ ಶಾಪ್, ಬಾಗೇಪಲ್ಲಿ

ಬೋಂಡದ ಎಣ್ಣೆ ಹೀರಿದ ಪೇಪರಿನಲ್ಲಿ ಆ ಫೋಟೋ ನೋಡಿದ್ದು.
ತೊಂಬತ್ತನಾಲ್ಕು. ಆಗಸ್ಟು ಕಳೆದಿತ್ತು.
ಸಮುದ್ರ. ಅದರ ಮೇಲೆ ಆರು ಜನ,
ಹಲಗೆ, ಹಗ್ಗ, ಒಬ್ಬ ಹೆಂಗಸಿನ ಮಡಿಲಲ್ಲಿ ನೀರಿನ ಕ್ಯಾನು.
ಅವರ ಮುಖ ಆಮೇಲೆ ನೋಡಿದೆ.
ಮೊದಲು ಕಂಡದ್ದು ಟ್ಯೂಬು.
ಲಾರಿ ಟ್ಯೂಬು, ಹಿಂದಿನ ಚಕ್ರದ್ದು.
ಮೂರು ಪ್ಯಾಚು.

ಕ್ಯೂಬಾ ಹೆಸರು ನಮಗೆ ಹೊಸದಲ್ಲ.
ಎರಡು ವರ್ಷದ ಹಿಂದೆ ಗಂಗುಲಪ್ಪ ಮೇಷ್ಟ್ರು
ಕೆಂಪು ಬಟ್ಟೆಯ ನಾಲ್ಕು ಮೂಲೆ ನಾಲ್ವರ ಕೈಗೆ ಕೊಟ್ಟು
ಸಂತೆಬೀದಿ ಸುತ್ತಿದ್ದರು:
ಅಮೆರಿಕ ಮೂವತ್ತು ವರ್ಷದಿಂದ ಅವರ ಅಂಗಡಿಗೆ ಬೀಗ ಜಡಿದಿದೆ,
ಅಣ್ಣನಂತಿದ್ದ ರಷ್ಯಾ ಚೂರುಚೂರಾಯಿತು,
ಅಲ್ಲಿ ಕೂಸಿಗೆ ನೀರು ಹಾಕಲೂ ಸೋಪಿಲ್ಲ,
ಕೊಡಿ, ಒಂದು ಸೇರು ಅಕ್ಕಿ, ಒಂದು ಸೋಪು,
ಹಡಗು ಕಾಯುತ್ತಿದೆ.

ಹಡಗು!
ಚಿತ್ರಾವತಿಯಲ್ಲಿ ಮೊಣಕಾಲುದ್ದ ನೀರು ಬಂದರೆ
ಸ್ಕೂಲು ಬಿಟ್ಟು ನೋಡಲು ಓಡುವ ಊರು ಇದು.
ಅಮ್ಮಿ ಬಾರ್ ಸೋಪನ್ನು ದಾರದಲ್ಲಿ ಕೊಯ್ದಳು.
ಅರ್ಧ ಕ್ಯೂಬಾಕ್ಕೆ, ಅರ್ಧ ನನ್ನ ಅಂಗಿಯ ಗ್ರೀಸಿಗೆ.
ರಾಗಿ ತಂದವಳನ್ನು ಮೇಷ್ಟ್ರು ವಾಪಸ್ ಕಳಿಸಿದರು,
"ಅವರಿಗೆ ಮುದ್ದೆ ನುಂಗೋಕೆ ಬರಲ್ಲಮ್ಮ."

ಈಗ ಇದು.
ಸಂಜೆ ಮೇಷ್ಟ್ರ ಸೈಕಲ್ಲು ಬಂತು, ಹಿಂದಿನ ಚಕ್ರ ಇಳಿದು.
ಫೋಟೋ ತೋರಿಸಿದೆ. ನಮ್ಮ ಸೋಪು ತಲುಪಲಿಲ್ಲವಾ ಸಾರ್?
ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
ಆಸೆ ತೋರಿಸಿ ಕರೀತಾರೆ, ಅಂದರು.
ಅರವತ್ತರ ಹೊತ್ತಿಗೆ ಹೋದವರು
ಜಮೀನು ಕಳಕೊಂಡ ಸಾಹುಕಾರರು, ವಿಮಾನದಲ್ಲಿ ಹೋದರು;
ಎಂಬತ್ತರಲ್ಲಿ ಒಂದು ಬಂದರಿನ ಬಾಗಿಲು ತೆಗೆದಾಗ
ಲಕ್ಷಕ್ಕೂ ಮೇಲೆ ಹೋದರು,
ಹೋಗೋರನ್ನ ಅಲ್ಲಿಯವರು ಹುಳ ಅಂತ ಕರೆದರು,
ಹುಳ...
ಆ ಮಾತು ಬಾಯಲ್ಲೇ ಉಳಿದುಬಿಟ್ಟಿತು,
ಅನ್ನದಲ್ಲಿ ಸಿಕ್ಕ ಕಲ್ಲಿನ ಹಾಗೆ.

ಮತ್ತೆ ಇವರು, ಸಾರ್?

ಇವರಿಗೆ ಜಮೀನಿರಲಿಲ್ಲ, ಬಾಬಾಜಾನ್.
ಪೋನೀಲೇ ರಾ, ಗಾಳಿ ಹಾಕು.

ಎಣ್ಣೆ ಹೀರದೆ ಉಳಿದಷ್ಟು ಸುದ್ದಿ ಓದಿದೆ.
ಬೆಂಗಳೂರಿಂದ ಮೈಸೂರಿಗಿರುವಷ್ಟು ನೀರು,
ಅದನ್ನು ದಾಟುವ ಮೊದಲೇ ಅಮೆರಿಕದ ಹಡಗು ಹಿಡಿದು
ಬಿಟ್ಟುಬಂದ ದ್ವೀಪದ್ದೇ ಇನ್ನೊಂದು ಮೂಲೆಗೆ ಒಯ್ದಿತಂತೆ.
ಅಲ್ಲಿ ಅಮೆರಿಕದ ತಂತಿಬೇಲಿ, ಅಮೆರಿಕದ ಗುಡಾರ.
ಮೂವತ್ತು ವರ್ಷ ಬಾ ಬಾ ಎಂದವರು
ಬಂದ ಮೇಲೆ ಎಲ್ಲಿಡೋದು ಅಂತ ಲೆಕ್ಕ ಹಾಕುತ್ತಿದ್ದರು.

ನನ್ನ ಲೆಕ್ಕ ಬೇರೆ.
ಆ ಮೂರು ಪ್ಯಾಚು ಹಾಕಿದವನು ಯಾರು?
ಅವನಿಗೂ ಇಂಥದೇ ಒಂದು ತಗಡಿನ ಬಾನಿ ಇರಬೇಕು.
ರಾತ್ರಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಾ,
ತಂದವನ ಹತ್ತಿರ ಲಾರಿ ಇಲ್ಲವೆಂದು ಗೊತ್ತಿದ್ದೂ ಕೇಳದೆ,
ಸೊಲ್ಯೂಷನ್ ಸಿಗದ ಊರಲ್ಲಿ ಎಲ್ಲಿಂದಲೋ ಸೊಲ್ಯೂಷನ್ ತಂದು
ಅರ ಉಜ್ಜಿ, ಒತ್ತಿ, ಉಸಿರು ಹಿಡಿದು.
ರಸ್ತೆಯಲ್ಲಿ ನನ್ನ ಪ್ಯಾಚು ಬಿಟ್ಟರೆ
ಬೈಗುಳ, ಎರಡು ರೂಪಾಯಿ ನಷ್ಟ.
ಅವನದು ಬಿಟ್ಟರೆ?
ವಾಲ್ವಿನ ಕುತ್ತಿಗೆ ನೋಡ್ಕೋ ಅಣ್ಣ, ಅಲ್ಲೇ ಮೊದಲು ಬಿಡೋದು,
ಹೇಳಬೇಕೆನಿಸಿತು. ಯಾವ ಭಾಷೆಯಲ್ಲಿ?

ಕಾಸು ತಗೊಂಡನೋ.
ಮನೆಗೆ ಹೋಗಿ ಕೈಯ ಕಪ್ಪು ತೊಳೆದನೋ,
ಅಮ್ಮಿಯ ಅರ್ಧ ಸೋಪಿನಲ್ಲಿ.

ಮರುವರ್ಷ ಮೇಷ್ಟ್ರೇ ಬಂದು ಹೇಳಿದರು, ಅಮೆರಿಕದ ಹೊಸ ಕಾನೂನು:
ನೀರಲ್ಲಿ ಸಿಕ್ಕರೆ ವಾಪಸ್ಸು,
ಮರಳಿಗೆ ಕಾಲಿಟ್ಟರೆ ಉಳಿಯಬಹುದು.
ಒದ್ದೆ ಕಾಲು, ಒಣ ಕಾಲು.
ನಗಲಿ ಅಂತ ಹೇಳಿದ್ದು. ಇಬ್ಬರೂ ನಗಲಿಲ್ಲ.
ಬೆಳಗಿನಿಂದ ಬಾನಿ ಮುಂದೆ ಕೂತು
ನನ್ನ ಕಾಲು ನೆನೆದು ಬೆಳ್ಳಗಾಗಿತ್ತು.
ಮೇಷ್ಟ್ರು ಅದನ್ನೇ ನೋಡುತ್ತಾ ನಿಂತರು,
ಆಮೇಲೆ ಸೈಕಲ್ಲು ಹತ್ತದೆ
ತಳ್ಳಿಕೊಂಡು ಹೋದರು.

ಗಾಳಿ ಸರಿಯಾಗೇ ಇತ್ತು.
ನಾನೇ ಎರಡು ಸಲ ನೋಡಿದ್ದೆ.