ಎ, ಎಲ್, ಯು

ಶಾರ್ಜಾದ ಇಂಡಸ್ಟ್ರಿಯಲ್ ಹತ್ತರಲ್ಲಿ
ಅಂಗಡಿಗಳಿಗೆ ಹೆಸರು ಕತ್ತರಿಸುವುದು ನನ್ನ ಕೆಲಸ.
ವಿನೈಲ್ ಹಾಳೆ, ಬ್ಲೇಡು, ಚಿಮುಟ.
ಅರಬ್ಬಿ ಅಕ್ಷರಗಳು ಬಲದಿಂದ ಎಡಕ್ಕೆ
ಒಂದರ ಸೆರಗು ಒಂದು ಹಿಡಿದು ಬರುತ್ತವೆ,
ಎಳೆದರೆ ಇಡೀ ಸಾಲೇ ಎದ್ದು ಬರುತ್ತದೆ.
ಇಂಗ್ಲಿಷು ಸಲೀಸು, ಬಿಡಿ ಬಿಡಿ ಹಲ್ಲು.
ಕೇರಳದ ಹೋಟೆಲಿನ ಬೋರ್ಡು ಬಂದ ದಿನ ಮಾತ್ರ
ಮಲಯಾಳದ ಳ ಸಿಗುತ್ತದೆ ಕೈಗೆ,
ನಮ್ಮ ಳದ ದಾಯಾದಿ.
ಬ್ಲೇಡು ಅಲ್ಲಿ ತಾನಾಗಿ ನಿಧಾನವಾಗುತ್ತದೆ.

ಮನೆಗೆ ಬರೆಯುವಾಗ ಅದು ಇಲ್ಲ.
ಕಸ್ತೂರಿಗೂ ನನಗೂ ನಡುವೆ ಇರುವುದು ಇಪ್ಪತ್ತಾರೇ ಅಕ್ಷರ.
ಹಾಲೂ ಅದೇ, ಹಾಳೂ ಅದೇ.
ಬೆಳೆ ಬಂತೋ, ಬೆಲೆ ಬಂತೋ, ಅವಳೇ ಬಲ್ಲಳು.
ಹೇಳು ಎಂದು ನಾನು ಒತ್ತಿದರೆ
ಲ ಮಾಡಿ ಓದಿಕೊಂಡು
ಮೂಗು ಮುಚ್ಚಿದ ಮುಖ ಕಳಿಸುತ್ತಿದ್ದಳು, ಮೊದಮೊದಲು.
ಹನ್ನೊಂದು ವರ್ಷ ಆಯಿತು. ಈಗ ನಗುವುದಕ್ಕೂ
ಒಂದೇ ಚಿತ್ರ; ಹುಡುಕಬೇಕಿಲ್ಲ, ಮೇಲೆಯೇ ಇರುತ್ತದೆ.

ಹೋದ ಗುರುವಾರ ರಾತ್ರಿ ಬಂತು:
ಇನ್ನೂ, ಆಮೇಲೆ ಎ ಎಲ್ ಯು, ಆಮೇಲೆ ನಿಂತಿಲ್ಲ.
ಹಿತ್ತಲ ಗೋಡೆಯ ಕೆಲಸ ನಡೆದಿತ್ತು.
ಆಳು ನಿಂತಿಲ್ಲ ಎಂದು ಓದಿದೆ,
ಕಳಿಸಿದ ದುಡ್ಡು ಸಾಕಾಗಿದೆ, ಒಳ್ಳೆಯದು.
ಹೆಬ್ಬೆಟ್ಟು ಒತ್ತಿದೆ.
ಹೆಬ್ಬೆಟ್ಟು! ನಮ್ಮಜ್ಜ ಸಾಲದ ಪತ್ರಕ್ಕೆ
ಒತ್ತುತ್ತಿದ್ದದ್ದು. ಏಳನೆಯ ಇಯತ್ತೆಯಲ್ಲಿ
ಶುದ್ಧಬರಹಕ್ಕೆ ಕಂಪಾಸ್ ಪೆಟ್ಟಿಗೆ ಗೆದ್ದವನು ನಾನು.

ಶನಿವಾರ ನೋಡಿದರೆ ಆ ಸಾಲೇ ಇಲ್ಲ.
ಕೋಣೆಯ ನೇಪಾಳಿ ಹುಡುಗ ಓದಬಾರದೆಂದು
ಫೋನನ್ನು ಕನ್ನಡಕ್ಕೆ ತಿರುಗಿಸಿಟ್ಟಿದ್ದೇನೆ
(ಬೆರಳು ಮಾತ್ರ ತಿರುಗಿಲ್ಲ).
ಅದು ತನ್ನ ಸರಕಾರಿ ದನಿಯಲ್ಲಿ ಹೇಳಿತು:
ಈ ಸಂದೇಶವನ್ನು ಅಳಿಸಲಾಗಿದೆ.
ಅಳಿಸಲಾಗಿದೆ.
ಒರೆಸಿದ್ದಕ್ಕೂ ಅದೇ ಮಾತು,
ಕಣ್ಣೀರು ಹಾಕಿಸಿದ್ದಕ್ಕೂ ಅದೇ.
ಇಲ್ಲಿ ಳ ಸರಿಯಾಗಿಯೇ ಇತ್ತು,
ಆದರೂ ಎರಡು ಸಲ ಓದಬೇಕಾಯಿತು.

ವಿನೈಲಿನ ಬೆನ್ನ ಕಾಗದ ಹರಿದು ಪೆನ್ನು ಹಿಡಿದೆ.
ಅ ಬಂತು. ಳು ಬರೆಯಹೋದರೆ
ಕೈ ಮಲಯಾಳದ ಕಡೆಗೆ ಹೊರಳಿತು.
ತಿದ್ದಿದೆ. ಮತ್ತೆ ತಿದ್ದಿದೆ. ಹಾಗೆಯೇ ಫೋಟೋ ತೆಗೆದು ಕಳಿಸಿದೆ:
ಕಸ್ತೂರಿ, ನೀ ಅಂದಿದ್ದು ಅಳು ಏನು?

ಉತ್ತರವೂ ಫೋಟೋ. ಸಿಮೆಂಟಿನ ಬಿಲ್ಲಿನ ಹಿಂಬದಿ,
ಮಗಳ ಸ್ಕೆಚ್ ಪೆನ್ನು, ನೇರಳೆ:
ಆಳು ಬಿಟ್ಟು ಎಂಟು ದಿನಾ ಆತು.
ನಿಮ್ಮ ಳ ಯಾಕ ಹಂಗ ಕುಂಟತೈತಿ?
ಕೆಳಗೆ ಇನ್ನೊಂದು ಸಾಲು ಬರೆದು
ಹೊಡೆದುಹಾಕಿದ್ದಳು, ಗೀಟಿನ ಅಡಿಯಲ್ಲಿ ಕಾಣುವ ಹಾಗೆ.

ಮೂಲೆಯಲ್ಲಿ, ಕಾಗದ ಹಾರದಂತೆ ಒತ್ತಿ ಹಿಡಿದ
ಅವಳ ಹೆಬ್ಬೆರಳು.
ಉಗುರಿನ ಸುತ್ತ
ಇನ್ನೂ ಹಸಿ ಸಿಮೆಂಟು.